ಲಕ್ಷ ಕಾಳಿನ ವ್ರತ ಮತ್ತು ತಮ್ಮ ಕಂಪನಿಯ ಕೆಡದ ಕೋಳಿ

॥ ಶ್ರೀ ವೀರನಾರಾಯಣ ಪ್ರಸನ್ನ ॥

ಬೆಟಗೇರಿ,
ಕಾರ್ತಿಕ ಶುದ್ಧ ದ್ವಾದಶಿ, ೧೯೮೬

ಶ್ರೀಮಾನ್ ವ್ಯವಸ್ಥಾಪಕರು,
ಚಕೋರ ವಿಡಿಯೋ ಗೇಮ್ಸ್ ಕಂಪನಿ,
ಮುಂಬಯಿ ಇವರ ಸನ್ನಿಧಿಗೆ;
ಇದರ ಒಂದು ಪ್ರತಿ ಗದಗ-ಬೆಟಗೇರಿಯ ಸಮಸ್ತ ಓದುಗ ಮಹಾಜನರ ಅವಗಾಹನೆಗೆ.

ಮಾನ್ಯರೇ,

ಹೈಸ್ಕೂಲಿನಲ್ಲಿ ಗಣಿತ ಕಲಿಸುವವನೂ, ತಮ್ಮ ಕಂಪನಿಯ ಐದು ಆಟಗಳ ಒಡೆಯನೂ, ಮೂವತ್ತೊಂಬತ್ತು ತುಂಬಿದರೂ ಲಗ್ನವಾಗದೆ ಉಳಿದವನೂ ಆದ ವಾಸುದೇವ ನರಸಿಂಹ ಸೊರಟೂರನು ಮಾಡುವ ಅನೇಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕೋಳಿಯೂ ಕ್ಷೇಮ. ಅದು ಇಷ್ಟೊಂದು ಕ್ಷೇಮವಾಗಿರುವುದರ ಬಗ್ಗೆಯೇ ಈ ದೂರು. ತಮ್ಮ ಕಚೇರಿಯಲ್ಲಿ ಕನ್ನಡ ಬಲ್ಲವರು ಇಲ್ಲದಿದ್ದರೆ ದಾದರಿನಲ್ಲಿ ಖಾನಾವಳಿ ಇಟ್ಟಿರುವ ನಮ್ಮ ಕಡೆಯವರಲ್ಲಿ ಯಾರನ್ನಾದರೂ ಕರೆಸಿ ಓದಿಸಬೇಕು. ಅವರು ಊಟದ ಹೊತ್ತು ತಪ್ಪಿಸಿ ಬಂದರೆ ಒಂದು ಚಹಾ ಕೊಡಿಸಬೇಕಾಗಿ ವಿನಂತಿ.

ತಮ್ಮ ಆಟಗಳನ್ನು ನೋಡದ ಪುಣ್ಯವಂತರೂ ಈ ಪತ್ರ ಓದಬಹುದಾದ್ದರಿಂದ ಎರಡು ಮಾತು. ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ, ಅದಕ್ಕೊಂದು ಗಾಜಿನ ಕಿಟಕಿ, ಕಿಟಕಿಯೊಳಗೆ ಕಪ್ಪು ಬಣ್ಣದ ಸಣ್ಣ ಸಣ್ಣ ಆಕೃತಿಗಳು, ಎಡಕ್ಕೊಂದು ಬಲಕ್ಕೊಂದು ಗುಂಡಿ. ಒಳಗೆ ಕೈಗಡಿಯಾರಕ್ಕೆ ಹಾಕುವಂಥ ಎರಡು ಸೆಲ್ಲು. ಇಂಥ ಐದು ಡಬ್ಬಿಗಳನ್ನು, ಮುಂಬಯಿಗೆ ಹೋಗಿಬರುವ ಪ್ರತಿಯೊಬ್ಬ ಪರಿಚಿತನ ಕಾಲು ಹಿಡಿದು, ಮೂರು ವರ್ಷದಲ್ಲಿ ಕೂಡಿಸಿದ್ದೇನೆ. ಸೇತುವೆಯ ಮೇಲಿನ ಲಾರಿ ಇದೆ. ಅದನ್ನು ಓಡಿಸುವವನು ಎದುರಿನಿಂದ ಏನು ಬಂದರೂ ನಿಲ್ಲುವುದಿಲ್ಲವಾದ್ದರಿಂದ ನಮ್ಮ ಮುಂಡರಗಿ ರಸ್ತೆಯಲ್ಲಿ ತರಬೇತಿ ಪಡೆದವನೆಂದು ನನ್ನ ಊಹೆ. ಕ್ರಿಕೆಟ್ ಇದೆ, ಅದರಲ್ಲಿ ಅಂಪೈರ್ ಕಾಣಿಸುವುದೇ ಇಲ್ಲ, ಆದರೆ ಔಟ್ ಮಾತ್ರ ತಪ್ಪದೆ ಕೊಡುತ್ತಾನೆ. ತೆಂಗಿನಕಾಯಿ ಹಿಡಿಯುವ ಮಂಗ, ಮುತ್ತು ತರುವ ಮುಳುಗುಗಾರ, ಇವೆರಡೂ ಸಭ್ಯ ಆಟಗಳು. ಐದನೆಯದೇ ತಮ್ಮ ಕಾಳು ಹೆಕ್ಕುವ ಕೋಳಿ. ನಾಲ್ಕು ಕೊಳವೆಗಳಿಂದ ಕಾಳು ಉದುರುತ್ತವೆ, ಕೋಳಿ ಆಚೆ ಈಚೆ ಓಡಿ ಬಾಯಿ ತೆರೆಯಬೇಕು, ಮೂರು ಕಾಳು ನೆಲಕ್ಕೆ ಬಿದ್ದರೆ ಆಟ ಮುಗಿಯಿತು. ತಿಂದ ಕಾಳಿನ ಲೆಕ್ಕ ಮೂಲೆಯಲ್ಲಿ ಬರುತ್ತದೆ. ಆ ಲೆಕ್ಕ ೯೯೯ರವರೆಗೆ ಹೋಗಿ, ಮುಂದೆ ಜಾಗವಿಲ್ಲದೆ ಸೊನ್ನೆಗೆ ಮರಳುತ್ತದೆ ಎಂಬುದನ್ನು ದಯವಿಟ್ಟು ಗಮನದಲ್ಲಿಡಬೇಕು, ಏಕೆಂದರೆ ನಾನು ಅದನ್ನು ನಂಬಿ ಕೆಟ್ಟೆ.

ನಂಬಿದ್ದು ಹೇಗೆಂದರೆ, ಕಳೆದ ವರ್ಷ ದೀಪಾವಳಿಯ ನಂತರ ಮುಂಡರಗಿಗೆ ಕನ್ಯೆ ನೋಡಲು ಹೋಗಿದ್ದೆವು. ಹುಡುಗಿ ಶಿರಾ-ಉಪ್ಪಿಟ್ಟಿನ ತಾಟು ಹಿಡಿದು ಹೊಸ್ತಿಲು ದಾಟುವುದಕ್ಕೂ ನನ್ನ ಅಂಗಿಯ ಕಿಸೆಯಲ್ಲಿದ್ದ ತಮ್ಮ ಕೋಳಿ ಕುಂಯ್ ಕುಂಯ್ ಎಂದು ಹಾಡುವುದಕ್ಕೂ ಸರಿಹೋಯಿತು. ಹುಡುಗಿಯ ತಂದೆ ಅದೇನೆಂದು ಕೇಳಿದರು. ಹಿರಿಯರು ಕೇಳಿದಾಗ ತೋರಿಸದಿರುವುದು ಅವಿನಯವಾದೀತೆಂದು ತೋರಿಸಿದೆ. ಆಡುವುದು ಹೇಗೆಂದರು, ಆಡಿ ತೋರಿಸಿದೆ. ಆಡುತ್ತ ಆಡುತ್ತ ಮುಕ್ಕಾಲು ತಾಸು ಕಳೆದು ನಾನು ತಲೆಯೆತ್ತಿದಾಗ ಹುಡುಗಿಯೂ ಇರಲಿಲ್ಲ, ತಾಟೂ ಇರಲಿಲ್ಲ. ಹೊರಡುವಾಗ ಅವರು ನಮ್ಮ ಅತ್ಯಾ ಅವರನ್ನು ಬದಿಗೆ ಕರೆದು, "ಹುಡುಗ ಛಲೋ ಇದ್ದಾನರಿ, ಆದ್ರ ಸಂಸಾರ ಯಾರ ಜೋಡಿ ಮಾಡಾಂವ, ನಮ್ಮ ಹುಡುಗಿ ಜೋಡಿನೋ ಆ ಕೋಳಿ ಜೋಡಿನೋ ಅನ್ನೋದು ತಿಳೀಲಿಲ್ಲ" ಎಂದರಂತೆ.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ, ಭಾಗೀರಥಿಬಾಯಿಯವರು. ವಯಸ್ಸು ಅರವತ್ತಾರು. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವರು. ನಸುಕಿನಲ್ಲೆದ್ದು ಮಡಿಯುಟ್ಟರೆ ಮಧ್ಯಾಹ್ನದ ಊಟದವರೆಗೆ ನಮ್ಮನ್ನು ಮುಟ್ಟಿಸಿಕೊಳ್ಳುವವರಲ್ಲ. ಸಂಜೆ ಭಾಗವತ ಓದುವವರು. ಲಕ್ಷ ಬತ್ತಿ ವ್ರತವನ್ನು ಎರಡು ಸಲ ಮಾಡಿ ಮುಗಿಸಿದ್ದಾರೆ. ಅಂದರೆ ಗದಗಿನ ಹತ್ತಿಯನ್ನು ಬಿಡಿಸಿ, ಹೊಸೆದು, ಎಣಿಸಿ ಎಣಿಸಿ ಒಂದು ಲಕ್ಷ ಬತ್ತಿ ಮಾಡಿ ದೇವರ ಮುಂದೆ ಉರಿಸಿದ್ದಾರೆ. ಇಂಥವರು ಮುಂಡರಗಿಯಿಂದ ಮನೆಗೆ ಬಂದು ಕಾಲು ತೊಳೆದು, ದೇವರ ಮುಂದೆ ನಿಂತು, "ಮುಳ್ಳನ್ನ ಮುಳ್ಳಿಂದನ ತಗೀಬೇಕು. ಇದಕ್ಕ ನಾನು ಲಕ್ಷ ಕಾಳು ತಿನ್ನಸ್ತೀನಿ. ಲಕ್ಷ ಆದ ದಿನ ಈ ಚಟಾ ನನ್ನ ವಾಸೂನ್ನ ಬಿಟ್ಟು ಹೋಗ್ಬೇಕು" ಎಂದು ಸಂಕಲ್ಪ ಮಾಡಿಬಿಟ್ಟರು.

ಮಾನ್ಯರೇ, ನಾನು ಗಣಿತದವನು. ೯೯೯ಕ್ಕಿಂತ ಮುಂದೆ ಹೋಗದ ಯಂತ್ರದಲ್ಲಿ ಲಕ್ಷ ಬರುವುದು ಸಾಧ್ಯವಿಲ್ಲವೆಂದು ನನಗೆ ಗೊತ್ತಿತ್ತು. ಆದ್ದರಿಂದ ದೊಡ್ಡ ಮನಸ್ಸು ಮಾಡಿ, ಅದೇ ದೇವರ ಮುಂದೆ ನಿಂತು, ಲಕ್ಷವಾದ ದಿನ ಐದೂ ಆಟಗಳನ್ನು ದಾನ ಕೊಟ್ಟು, ಮುಂದೆ ಬರುವ ಯಾವ ಆಟವನ್ನೂ ಕಣ್ಣೆತ್ತಿ ನೋಡದೆ, ಅವರು ತೋರಿಸಿದ ಹುಡುಗಿಗೆ ಮಾಲೆ ಹಾಕುತ್ತೇನೆಂದು ಮಾತು ಕೊಟ್ಟೆ. ಮರುದಿನ ಶಾಲೆಯಿಂದ ಬಂದು ನೋಡುತ್ತೇನೆ, ಅತ್ಯಾ ಒಂದು ಹಿತ್ತಾಳೆ ಡಬ್ಬಿ ಇಟ್ಟುಕೊಂಡು ಕುಳಿತಿದ್ದಾರೆ. ನೂರು ಕಾಳಿಗೆ ಒಂದು ಹುಣಸೆ ಬೀಜ. ಸಾವಿರ ಬೀಜ ಆದರೆ ಲಕ್ಷ. ಬತ್ತಿ ಎಣಿಸುವಾಗಲೂ ಹೀಗೆಯೇ ಮಾಡುತ್ತಾರಂತೆ. ಇಪ್ಪತ್ತು ವರ್ಷದಿಂದ ದಶಮಾನ ಪದ್ಧತಿ ಕಲಿಸುತ್ತಿರುವ ನನಗೆ ಅದು ಹೊಳೆದಿರಲಿಲ್ಲ.

ಮಡಿ ಹೆಂಗಸು ಕೋಳಿಯನ್ನು ಹೇಗೆ ಮುಟ್ಟಿಯಾಳು ಎಂಬುದು ನನ್ನ ಕೊನೆಯ ಆಸೆಯಾಗಿತ್ತು. ಅದನ್ನು ಕೇಳಿಯೂ ಬಿಟ್ಟೆ. ಅವರು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು, "ಕೋಳಿ ಅಂತ ಯಾರು ಹೇಳಿದ್ರು ನಿನಗ? ಇದು ಗಿಳಿ. ಶುಕಮುನಿ" ಎಂದರು. ತಲೆಯ ಮೇಲೆ ಜುಟ್ಟು ಇದೆಯಲ್ಲ ಎಂದೆ. "ಮುಂಬೈದವ್ರಿಗೆ ಗಿಳಿ ಬರೀಲಿಕ್ಕೆ ಬರಂಗಿಲ್ಲ, ಅದಕ್ಕ ಅದೇನ್ ಮಾಡೀತು ಪಾಪ" ಎಂದರು. ಅಲ್ಲಿಗೆ ತಮ್ಮ ಕೋಳಿ ಶುಕಮುನಿಯಾಯಿತು, ಶುಕಮುನಿ ದೇವರ ಮನೆಯ ಗೂಡಿಗೆ ಹೋಯಿತು, ಸ್ನಾನ ಮಾಡದೆ ಅದನ್ನು ಮುಟ್ಟುವ ಹಕ್ಕು ಅದರ ಒಡೆಯನಾದ ನನಗೆ ಇಲ್ಲದಾಯಿತು. ಮಾರ್ಗಶಿರದ ಚಳಿಯಲ್ಲಿ, ಸಂಜೆ ಶಾಲೆಯಿಂದ ಬಂದು, ಹತ್ತು ನಿಮಿಷದ ಆಟಕ್ಕಾಗಿ ಬಾವಿಯ ನೀರು ಸುರಿದುಕೊಂಡ ಗಿರಾಕಿ ತಮ್ಮ ದಾಖಲೆಗಳಲ್ಲಿ ನಾನೊಬ್ಬನೇ ಇರಬೇಕು. ಏಕಾದಶಿಗೆ ಶುಕಮುನಿಗೂ ನಿರಾಹಾರ. ದ್ವಾದಶಿಯ ಬೆಳಗ್ಗೆ ಸೂರ್ಯ ಕಾಣುವ ಮೊದಲೇ ಪಾರಣೆ, ಆ ದಿನ ಅದು ಹಸಿದು ತಿನ್ನುತ್ತದೆಂದು ಅತ್ಯಾ ಅವರ ಅಭಿಪ್ರಾಯ. ಬರುವ ಮಾದರಿಗಳಲ್ಲಿ ಏಕಾದಶಿಯಂದು ಕಾಳು ತಾನಾಗಿ ನಿಲ್ಲುವಂತೆ ಒಂದು ಪಂಚಾಂಗವನ್ನು ಒಳಗೆ ಕೂರಿಸಲು ಸಾಧ್ಯವೇ, ತಿಳಿಸಬೇಕು.

ಮೊದಲ ವಾರ ಹನ್ನೆರಡು, ಹದಿನೈದು ಕಾಳಿಗೇ ಆಟ ಮುಗಿಯುತ್ತಿತ್ತು. ನಾನು ಹೊಟ್ಟೆ ತುಂಬ ನಕ್ಕೆ. ಸಂಕ್ರಾಂತಿಗೆ ಮುನ್ನೂರು ದಾಟಿದರು. ನಗು ನಿಂತಿತು. ನನ್ನ ಜೀವಮಾನದ ದಾಖಲೆ ಆರುನೂರಾ ಹನ್ನೊಂದು. ಅದನ್ನು ಶಿವರಾತ್ರಿಯಂದು, ಅದೂ ಒಲೆಯ ಮೇಲಿನ ಹಾಲಿನ ಮೇಲೊಂದು ಕಣ್ಣಿಟ್ಟುಕೊಂಡೇ, ಮುರಿದುಹಾಕಿದರು. ಯುಗಾದಿಯ ಹೊತ್ತಿಗೆ ೯೯೯ ದಾಟಿ ಸೊನ್ನೆ ಬಂದಿತು. ಎಲ್ಲ ಹೋಯಿತಲ್ಲ ಅತ್ಯಾ ಎಂದು ಆಸೆಯಿಂದ ಕೇಳಿದೆ. "ಹೋಗೋದೇನು? ಹೊಟ್ಟಿ ತುಂಬ್ತು, ತಾಟು ತೊಳಕೊಂಡು ಮತ್ತ ಕೂತದ" ಎಂದು ಡಬ್ಬಿಗೆ ಹತ್ತು ಬೀಜ ಎಣಿಸಿ ಹಾಕಿದರು. ನಾಚಿಕೆ ಬಿಟ್ಟು ಗುಟ್ಟೇನೆಂದು ಕೇಳಿದೆ. "ಕಾಳು ನೋಡ್ಬ್ಯಾಡ, ಕೊಳವಿ ನೋಡು" ಎಂದರು. ಹಾಗೆ ನೋಡಿದೆ, ನನಗೆ ಇನ್ನೂರರ ಮೇಲೆ ಬರಲಿಲ್ಲ.

ಈಗ ನನ್ನ ದೂರಿಗೆ ಬರುತ್ತೇನೆ. ತಮ್ಮ ಕಾಗದದಲ್ಲಿ ಒಂದು ವರ್ಷದ ಗ್ಯಾರಂಟಿ ಎಂದು ಬರೆದಿದೆ. ಇದನ್ನು ಓದಿದ ಸಾಮಾನ್ಯ ಮನುಷ್ಯ, ಒಂದು ವರ್ಷವಾದ ಮರುದಿನ ವಸ್ತು ಕೆಡುತ್ತದೆಂದು ನಂಬಿ ನೆಮ್ಮದಿಯಿಂದಿರುತ್ತಾನೆ. ನಮ್ಮಲ್ಲಿ ರೇಡಿಯೋ ಹಾಗೆ ಕೆಟ್ಟಿದೆ, ಫ್ಯಾನು ಹಾಗೆ ಕೆಟ್ಟಿದೆ, ಛತ್ರಿ ಅದಕ್ಕೂ ಮೊದಲೇ ಕೆಟ್ಟಿದೆ. ತಮ್ಮ ಕೋಳಿ ಮಾತ್ರ ಎರಡು ವರ್ಷವಾದರೂ ಕೆಡಲಿಲ್ಲ. ಅಟ್ಟದ ಮೇಲಿಂದ ಅದು ನನ್ನ ಕೈತಪ್ಪಿ ಮೂರು ಸಲ ಬಿದ್ದಿದೆ. ನಾನು ಅಟ್ಟ ಹತ್ತಿದ್ದು ಏಕೆಂದು ಕೇಳಬಾರದು. ಕೊಡದ ನೀರಿಗೆ ಒಮ್ಮೆ ಜಾರಿದೆ. ಬಿಸಿಲಿಗೆ ಒಣಹಾಕಿದ್ದ ಸಂಡಿಗೆಯ ಜೊತೆ ಒಂದು ಮಧ್ಯಾಹ್ನ ಪೂರ್ತಿ ಕಾದಿದೆ. ಪ್ರತಿ ಸಲವೂ ಎದ್ದು ಕುಂಯ್ ಎಂದಿದೆ. ಇಷ್ಟೊಂದು ಪ್ರಾಮಾಣಿಕತೆಯಿಂದ ವಸ್ತು ತಯಾರಿಸಿ, ಹಳೆಯ ಗಿರಾಕಿಯೊಬ್ಬನನ್ನು ಬೀದಿಗೆ ತರುವುದು ಯಾವ ವ್ಯಾಪಾರ ನೀತಿ ಎಂದು ಕೇಳುತ್ತೇನೆ.

ಶ್ರಾವಣದಲ್ಲಿ ಬೀಜಗಳು ಏಳುನೂರು ದಾಟಿದವು. ಇಲ್ಲಿ ಒಂದು ವಿಷಯವನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕಾಗಿದೆ; ನನ್ನ ವಿದ್ಯಾರ್ಥಿಗಳು ಓದುತ್ತಿದ್ದರೆ ಈ ಭಾಗ ಬಿಡತಕ್ಕದ್ದು. ಅತ್ಯಾ ತುಳಸಿಗೆ ಪ್ರದಕ್ಷಿಣೆ ಹಾಕುವಾಗ ನಾನು ಡಬ್ಬಿಯಿಂದ ಒಂದೊಂದು, ಕೆಲವು ದಿನ ಎರಡೆರಡು ಬೀಜ ತೆಗೆದು ಕಂಪಾಸ್ ಪೆಟ್ಟಿಗೆಯಲ್ಲಿ ಹಾಕಿಕೊಂಡು ಶಾಲೆಗೆ ಹೋಗತೊಡಗಿದೆ. ಕಳ್ಳತನವಾದರೂ ಲೆಕ್ಕ ಶುದ್ಧವಾಗಿರಲಿ ಎಂದು ದಿನವೂ ಎಣಿಸುತ್ತಿದ್ದೆ. ಮಹಾನವಮಿಯವರೆಗೆ ಅತ್ಯಾ ಬಾಯಿಬಿಟ್ಟು ಹೇಳಿ ಹಾಕಿದ ಬೀಜ ಒಂಬೈನೂರಾ ನಲವತ್ತು. ನಾನು ತೆಗೆದದ್ದು ಮೂವತ್ತೊಂದು. ಉಳಿಯಬೇಕಾದದ್ದು ಒಂಬೈನೂರಾ ಒಂಬತ್ತು. ಡಬ್ಬಿಯಲ್ಲಿದ್ದದ್ದು ಎಂಟುನೂರಾ ಎಪ್ಪತ್ತೆರಡು. ಮೂರು ಸಲ ಎಣಿಸಿದೆ. ಮೂವತ್ತೇಳು ಬೀಜಗಳನ್ನು ನಾನಲ್ಲದೆ ಮತ್ತಾರೋ ಕದ್ದಿದ್ದರು.

ಇಲಿಯೆಂದುಕೊಂಡೆ, ಹುಣಸೆ ಬೀಜ ಕಡಿಯುವ ಹಲ್ಲು ನಮ್ಮ ಮನೆಯ ಇಲಿಗಳಿಗಿಲ್ಲ. ಪಕ್ಕದ ಮನೆಯ ತುಳಸಾಬಾಯಿಯವರು ಚೌಕಾಬಾರಕ್ಕೆ ಒಯ್ದರೇನೋ ಎಂದುಕೊಂಡೆ, ಅವರದು ಕವಡೆ. ಬೇರಾರೂ ಉಳಿಯದಿದ್ದಾಗ ತಪ್ಪು ಕಂಪನಿಯದೇ ಇರಬೇಕೆಂದು ತೀರ್ಮಾನಿಸಿ, ತಮ್ಮ ಯಂತ್ರದ ಲೆಕ್ಕದಲ್ಲಿ ದೋಷವಿದೆಯೆಂದು ಎರಡು ಪತ್ರ ಬರೆದೆ. ಮುಂಬಯಿಯ ಕೋಳಿ ಬೆಟಗೇರಿಯ ಡಬ್ಬಿಯಿಂದ ಬೀಜ ಹೇಗೆ ತೆಗೆದೀತು ಎಂದು ತಾವು ಕೇಳಲಿಲ್ಲ. ಅದು ತಮ್ಮ ದೊಡ್ಡ ಗುಣ.

ಕೇಳುವ ಬದಲು ಒಂದು ಅಚ್ಚಾದ ಕಾಗದ ಕಳಿಸಿದಿರಿ. ಕೋಳಿಯ ತಯಾರಿಕೆ ನಿಲ್ಲಿಸಲಾಗಿದೆ, ಬರುವ ವರ್ಷ ಚಂದ್ರಲೋಕದ ಕಾಳಗ, ಗುಂಡು ಹಾರಿಸುವ ಮೋಟಾರು, ಬಣ್ಣದ ಕಿಟಕಿಯ ರಾಕ್ಷಸ ಸಂಹಾರ ಎಂಬ ಮೂರು ಹೊಸ ಆಟಗಳು ಬರಲಿವೆ ಎಂದಿತ್ತು. ಓದಿ ಬಾಯಲ್ಲಿ ನೀರೂರಿತು, ಸುಳ್ಳು ಹೇಳುವುದಿಲ್ಲ. ಆದರೆ ಮೂರರಲ್ಲೂ ಸುಡುವುದೇ ಕೆಲಸವಾಯಿತಲ್ಲ. ನಮ್ಮ ಕಡೆಗೂ ಒಂದು ಆಟ ಮಾಡಿ. ಶಿರಹಟ್ಟಿ ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವ ಆಟ ಮಾಡಿದರೆ ಯುದ್ಧಕ್ಕೆ ಯುದ್ಧವೂ ಆಯಿತು. ಗದಗ ಜಂಕ್ಷನ್ನಿನಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಉಪ್ಪಿನಕಾಯಿ ಭರಣಿ ಹಿಡಿದ ಒಬ್ಬ ಅಜ್ಜಿ, ಇಷ್ಟನ್ನೂ ಕರೆದುಕೊಂಡು ಹೊರಟ ಗಾಡಿ ಹತ್ತುವ ಆಟ ಮಾಡಿ. ಭರಣಿ ಬಿದ್ದರೆ ಆಟ ಮುಗಿಯಿತು. ಲಕ್ಷ್ಮೇಶ್ವರದಲ್ಲಿ ತಮ್ಮ ಎರಡು ಆಟ ಇಟ್ಟುಕೊಂಡಿರುವ ಹತ್ತಿ ವ್ಯಾಪಾರಿ ನಿಜಲಿಂಗಪ್ಪನವರೂ ಇದನ್ನು ಅನುಮೋದಿಸಿದ್ದಾರೆ.

ದಸರೆ ಮುಗಿದು ವಾರವಾಗಿರಬೇಕು, ಕಿಟಕಿ ಮಸುಕಾಗುತ್ತ ಬಂದು ಒಂದು ಸಂಜೆ ಕೋಳಿ ಕಾಣದಾಯಿತು. ಸೆಲ್ಲು ತೀರಿತ್ತು. ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುವ ಕರೀಮಸಾಬರನ್ನು ಕೇಳಿದರೆ, "ಈ ಜಾತಿ ಸೆಲ್ಲು ಗದಗಿನ್ಯಾಗ ಎಲ್ಲೂ ಇಲ್ರಿ ಮಾಸ್ತರ. ಮುಂಬೈದಿಂದ ಮಾಲ್ ಬರೂಮಟ ಕಾಯಾಕ ಬೇಕು, ಯಾವಾಗ ಬರ್ತೈತಿ ಅನ್ನೂದು ನನಗೂ ಖಬರ ಇಲ್ಲ" ಎಂದರು. ಅಂಥ ಎರಡು ಸೆಲ್ಲು ನನ್ನ ಕಂಪಾಸ್ ಪೆಟ್ಟಿಗೆಯಲ್ಲಿಯೇ ಇದ್ದವು. ಅದನ್ನು ನಾನು ಯಾರಿಗೂ ಹೇಳಲಿಲ್ಲ. ಆ ಸಂತೋಷಕ್ಕೆ ಮರುದಿನ ಶಾಲೆಯಲ್ಲಿ ಒಬ್ಬ ಹುಡುಗನಿಗೂ ಬೈಯಲಿಲ್ಲ.

ಆ ಸಂಜೆ ಅತ್ಯಾ ಭಾಗವತ ತೆಗೆಯಲಿಲ್ಲ. ಕಾಣದ ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಗುಂಡಿ ಒತ್ತುತ್ತ ಕುಳಿತಿದ್ದರು. ಮೂರನೆಯ ದಿನ ಸಾರಿಗೆ ಉಪ್ಪು ಇರಲಿಲ್ಲ. ನನಗೆ ಬುದ್ಧಿ ಬಂದಂದಿನಿಂದ ಅವರ ಅಡಿಗೆಯಲ್ಲಿ ಉಪ್ಪು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಅವರನ್ನು ಹಾಗೆ ನನ್ನಿಂದ ನೋಡಲಾಗಲಿಲ್ಲ. ಸ್ನಾನ ಮಾಡಿ ಬಂದು, ಕರೀಮಸಾಬರು ಎಲ್ಲಿಂದಲೋ ತರಿಸಿಕೊಟ್ಟರೆಂದು ಸುಳ್ಳು ಹೇಳಿ ಸೆಲ್ಲು ಹಾಕಿದೆ. ಕೋಳಿ ಕುಂಯ್ ಎಂದಿತು. ನನ್ನ ಐದು ಆಟಗಳೂ ತಮ್ಮ ಬರಲಿರುವ ಮೂರು ಆಟಗಳೂ ನನ್ನ ಕೈಬಿಟ್ಟುಹೋದವೆಂದು ಲೆಕ್ಕ ಹಾಕಿಕೊಂಡೇ ಆ ಸೆಲ್ಲು ಹಾಕಿದ್ದೆ.

ಮೊನ್ನೆ ಶಾಲೆಗೆ ಬರಬೇಕಾಗಿದ್ದ ಇನ್‌ಸ್ಪೆಕ್ಟರು ಬರಲಿಲ್ಲವಾಗಿ ಮಧ್ಯಾಹ್ನವೇ ಬಿಟ್ಟರು. ಮನೆಗೆ ಬಂದರೆ ಅತ್ಯಾ ಹಿತ್ತಲಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕುಳಿತಿದ್ದರು. ಪಕ್ಕದಲ್ಲಿ ಹಿತ್ತಾಳೆ ಡಬ್ಬಿ. ಅದರಿಂದ ಒಂದೊಂದೇ ಬೀಜ ತೆಗೆದು, ಬೆರಳಿನಿಂದ ಮಣ್ಣು ಒತ್ತಿ ಹೂಳುತ್ತಿದ್ದರು. ಬಾಳೆಯ ಸುತ್ತ ಗೇಣುದ್ದದ ಹುಣಸೆ ಸಸಿಗಳು ಸಾಲಾಗಿ ಎದ್ದಿದ್ದವು. ನನ್ನ ಸಪ್ಪಳ ಕೇಳಿ ತಿರುಗಿ ನೋಡದೆ, "ನೀ ಎಷ್ಟ ತಗದೀಯೋ ವಾಸು?" ಎಂದರು. ಮೂವತ್ತೊಂದು ಎಂದೆ. "ನಂದು ಇವತ್ತಿಂದು ಹಿಡಿದು ನಲವತ್ತೆರಡು" ಎಂದರು. ಇನ್ನೊಂದು ಬೀಜ ಹೂಳಿ, "ಲಕ್ಷ ಮುಗದ್ರ ಉದ್ಯಾಪನಿ ಮಾಡ್ಬೇಕು, ಇದನ್ನ ದಾನಾ ಕೊಡ್ಬೇಕು. ಆಮ್ಯಾಲೆ ನಾ ಏನ್ ಮಾಡ್ಲೋ? ಬತ್ತಿ ಹೊಸೆದು ಹೊಸೆದು ಸಾಕಾಗೇದ ನನಗ" ಎಂದರು. ನನಗೆ ನಾಚಿಕೆಯಾಯಿತು, ಅಳುವೂ ಬಂತು. ವರ್ಷವಿಡೀ ಈ ಮನೆಯಲ್ಲಿ ಕಳೆದುಕೊಳ್ಳುವವನು ನಾನೊಬ್ಬನೇ ಎಂದುಕೊಂಡಿದ್ದೆ.

ವ್ರತದ ವಿಷಯವನ್ನು ಅವರೇ ಬಗೆಹರಿಸಿದರು. ಎಣಿಕೆಯಲ್ಲಿ ಸಂಶಯ ಬಂದರೆ ಮೊದಲಿನಿಂದ ಎಣಿಸಬೇಕಂತೆ. ಇಬ್ಬಿಬ್ಬರು ಕಳ್ಳರಿರುವಾಗ ಸಂಶಯ ಬಾರದೆ ಇರುವುದಿಲ್ಲ. ಡಬ್ಬಿ ಬರಿದು ಮಾಡಿದೆವು. ಇವತ್ತು ದ್ವಾದಶಿಯ ಪಾರಣೆಗೆ ಹೊಸದಾಗಿ ನಾಲ್ಕುನೂರಾ ಹನ್ನೆರಡು ಕಾಳಾಗಿದೆ. ಆದ್ದರಿಂದ ನನ್ನ ಹಿಂದಿನ ಎರಡು ಪತ್ರಗಳನ್ನು ಹಿಂದಕ್ಕೆ ತೆಗೆದುಕೊಂಡು, ಈ ಕೆಳಗಿನದಷ್ಟನ್ನೇ ಬೇಡುತ್ತೇನೆ: ಕೋಳಿಯನ್ನು ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ, ಗುಂಡಿ, ಗಾಜು, ಒಳಗಿನ ತಂತಿ, ತಮ್ಮಲ್ಲಿ ಉಳಿದದ್ದನ್ನೆಲ್ಲ ಬೆಟಗೇರಿಗೆ ಕಳಿಸಿ. ಸೆಲ್ಲು ಕಳಿಸಿ. ಲಕ್ಷ ಎಂದೂ ತುಂಬದ ಒಂದು ಯಂತ್ರ ತಮ್ಮಲ್ಲಿದ್ದರೆ ಅದನ್ನೂ ಕಳಿಸಿ. ರಾಕ್ಷಸ ಸಂಹಾರ ಬಂದಾಗ ಎರಡು ತೆಗೆದಿಡಿ. ರಾಕ್ಷಸರು ಎಷ್ಟು ಮಂದಿ ಎಂದು ಅತ್ಯಾ ಆಗಲೇ ಕೇಳುತ್ತಿದ್ದಾರೆ.

ತಮ್ಮ ಒಳ್ಳೆಯ ಕೆಲಸದಿಂದ ಬಹಳ ತೊಂದರೆಗೊಳಗಾಗಿಯೂ ಉಳಿದುಕೊಂಡಿರುವ,

ತಮ್ಮ ವಿಶ್ವಾಸಿ,
ವಾಸುದೇವ ನರಸಿಂಹ ಸೊರಟೂರ

ತಾ. ಕ.: ತಮ್ಮ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಏನು ಬರೆದಿದೆಯೆಂದು ಅತ್ಯಾ ನಿನ್ನೆ ಕೇಳಿದರು. "ಆರರಿಂದ ಹನ್ನೆರಡು ವರ್ಷದವರಿಗೆ ಮಾತ್ರ" ಎಂದು ಓದಿ ಹೇಳಿದೆ. ಅವರಿಗೆ ಒಂಬತ್ತಕ್ಕೆ ಲಗ್ನವಾಗಿ, ಹನ್ನೊಂದಕ್ಕೆ ಗಂಡ ತೀರಿಕೊಂಡು, ತಲೆ ಬೋಳಿಸಿ ಒಳಮನೆಯಲ್ಲಿ ಕೂರಿಸಿದ್ದರು. "ಹಂಗಾರ ನಾ ಆಡಬಾರದೇನೋ?" ಎಂದು ಕೇಳಿದರು. ಅಚ್ಚು ಹಾಕುವವರ ತಪ್ಪು ಅತ್ಯಾ, ಆಡ್ರಿ ಎಂದಿದ್ದೇನೆ. ಅಲ್ಲವೆನ್ನುವುದಿದ್ದರೆ ತಾವೇ ಖುದ್ದಾಗಿ ಬಂದು ಅವರೆದುರು ನಿಂತು ಹೇಳಬೇಕು.